ಸಹಾಯ ಬೇಕು: ಬೆಂಡ್ ಪೈಪ್ ಬದಲಿಸಿದ ಮೇಲೆ ಬೈಕಿನ ಶಬ್ದ ಬದಲಾಗಿದೆ

ನಮಸ್ಕಾರ. ನನ್ನ ಒಂಟಿ ಸಿಲಿಂಡರ್ ಬೈಕಿನ ಬೆಂಡ್ ಪೈಪ್ (ಎಂಜಿನ್ನಿನಿಂದ ಸೈಲೆನ್ಸರಿಗೆ ಹೊಗೆ ಒಯ್ಯುವ ಬಾಗಿದ ಕೊಳವೆ) ತುಕ್ಕು ಹಿಡಿದು ತೂತಾಗಿದ್ದರಿಂದ, ಸೈಲೆನ್ಸರನ್ನು ಹಾಗೆಯೇ ಉಳಿಸಿಕೊಂಡು, ವ್ಯಾಸ ತುಸು ಹೆಚ್ಚಿರುವ ಸ್ಟೀಲ್ ಪೈಪನ್ನು ಹಾಕಿಸಿದ್ದೇನೆ. ಶಬ್ದವನ್ನು ಮುಖ್ಯವಾಗಿ ತಗ್ಗಿಸುವುದು ಸೈಲೆನ್ಸರೇ ಆದರೂ, ಪೈಪಿನ ಉದ್ದ ಮತ್ತು ವ್ಯಾಸಗಳು ಹೊಗೆಯ ಒತ್ತಡದ ಅಲೆಗಳನ್ನು ಬದಲಿಸುವುದರಿಂದ ಸ್ವಲ್ಪ ವ್ಯತ್ಯಾಸವನ್ನು ನಿರೀಕ್ಷಿಸಿದ್ದೆ. ಐಡ್ಲಿಂಗ್‌ನಲ್ಲಿ ಈಗ ಕೇಳುವ ಗಡುಸು ದನಿ ನನಗೆ ಇಷ್ಟವೂ ಆಗಿದೆ.

ಆದರೆ ವೇಗದಲ್ಲಿರುವಾಗ ಆಕ್ಸಿಲರೇಟರ್ ಬಿಟ್ಟೊಡನೆ ಪಟಪಟನೆ ಸಿಡಿಯುವ ಸದ್ದು ಬರುತ್ತಿದೆ. ಎಂಜಿನ್ ತಣ್ಣಗಿರುವಾಗ ಸಿಲಿಂಡರ್ ಹೆಡ್ಡಿನ (ಎಂಜಿನ್ನಿಗೆ ಪೈಪ್ ಸೇರುವ ಭಾಗ) ಬಳಿ ‘ಚಕ್ ಚಕ್’ ಎಂದು ಕೇಳಿಸಿ, ಕಾದ ಮೇಲೆ ಕಡಿಮೆಯಾಗುವುದರಿಂದ, ಹೊಸ ಗ್ಯಾಸ್ಕೆಟ್ (ಸಂದಿನಲ್ಲಿ ಸೋರದಂತೆ ತಡೆಯುವ ಬಿಲ್ಲೆ) ಹಾಕಿದ್ದರೂ ಅಲ್ಲಿ ಹೊಗೆಯ ಸೋರಿಕೆಯಿರಬಹುದೆಂಬ ಅನುಮಾನ ನನ್ನದು. ಇದು ಸೋರಿಕೆಯೇ, ಅಥವಾ ಪೆಟ್ರೋಲಿಗಿಂತ ಗಾಳಿ ಹೆಚ್ಚಾಗಿರುವುದರ ಲಕ್ಷಣವೇ? ಪೈಪ್ ಬಿಚ್ಚದೆಯೇ ಇದನ್ನು ಖಚಿತಪಡಿಸಿಕೊಳ್ಳುವ ವಿಧಾನವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.