ಅಪ್ಪನ ಹಾಲಿನ ಲೋಟ

ಚಿಕ್ಕಪ್ಪ (ಫಾರ್ವರ್ಡ್ ಸಂದೇಶ): ಕ್ಯಾನ್ಸರ್ ರೋಗಿಗಳ ಗಮನಕ್ಕೆ! ಹಾಲು, ಮೊಸರು ಇಂದೇ ನಿಲ್ಲಿಸಿ. ಹಾಲಿನಲ್ಲಿರುವ ಬೆಳವಣಿಗೆಯ ಹಾರ್ಮೋನು ಗಡ್ಡೆಗೆ ಗೊಬ್ಬರ. ವೈದ್ಯರು ಇದನ್ನು ಹೇಳುವುದಿಲ್ಲ. ಎಲ್ಲರಿಗೂ ತಲುಪಿಸಿ.

ಚಿಕ್ಕಪ್ಪ: ಅಣ್ಣನಿಗೆ ತೋರಿಸಿ. ಕರುಳಿನ ಶಸ್ತ್ರಚಿಕಿತ್ಸೆ ಆದವರು ಓದಲೇಬೇಕು.

ನಾನು: ಅಪ್ಪನೂ ಈ ಗುಂಪಿನಲ್ಲಿದ್ದಾರೆ ಚಿಕ್ಕಪ್ಪ. ಆಗಲೇ ಓದಿದರು. ರಾತ್ರಿಯ ಹಾಲನ್ನು ಮುಟ್ಟಲಿಲ್ಲ. ಲೋಟ ಮೇಜಿನ ಮೇಲೆಯೇ ಇದೆ, ಕೆನೆ ಕಟ್ಟಿದೆ. ಶಸ್ತ್ರಚಿಕಿತ್ಸೆಯ ಬಳಿಕ ಏಳು ಕಿಲೋ ಇಳಿದಿರುವ ಅವರು ದಿನವಿಡೀ ತಾವಾಗಿಯೇ ಕೇಳಿ ಕುಡಿಯುತ್ತಿದ್ದುದು ಅದೊಂದನ್ನೇ.

ದೊಡ್ಡಮ್ಮ: ಅನುಮಾನವಿದ್ದರೆ ಬಿಡುವುದೇ ಮೇಲಲ್ಲವೇ? ಬಿಟ್ಟರೆ ನಷ್ಟವೇನು?

ನಾನು: ಊಟ ಸೇರದವರಿಗೆ ಆ ಒಂದು ಲೋಟವೂ ದೊಡ್ಡ ನಷ್ಟ ದೊಡ್ಡಮ್ಮ. ಹಾಲಿನ ಬಗ್ಗೆ ಎಚ್ಚರಿಕೆಯ ಮಾತು ಕೇಳಿಬಂದಿರುವುದು ಮುಖ್ಯವಾಗಿ ಪ್ರಾಸ್ಟೇಟ್ ಕ್ಯಾನ್ಸರಿನ ವಿಷಯದಲ್ಲಿ. ದೊಡ್ಡ ಕರುಳಿನ ಮಟ್ಟಿಗೆ ಕಂಡಿರುವುದು ಇದಕ್ಕೆ ತದ್ವಿರುದ್ಧ. ಬ್ರಿಟನ್ನಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಮಹಿಳೆಯರ ಆಹಾರವನ್ನು ಗಮನಿಸಿದ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ದಿನಕ್ಕೆ 300 ಮಿಲಿಗ್ರಾಂ ಕ್ಯಾಲ್ಸಿಯಂ, ಅಂದರೆ ಸುಮಾರು ಒಂದು ದೊಡ್ಡ ಲೋಟ ಹಾಲಿನಷ್ಟು, ಹೆಚ್ಚಾಗಿ ಸೇವಿಸುತ್ತಿದ್ದವರಲ್ಲಿ ಕರುಳಿನ ಕ್ಯಾನ್ಸರಿನ ಅಪಾಯ ಶೇ. 17ರಷ್ಟು ಕಡಿಮೆಯಿತ್ತು. ಪಿತ್ತರಸದ ಆಮ್ಲಗಳು ಕರುಳಿನ ಒಳಪದರವನ್ನು ಕೆರಳಿಸುತ್ತವೆ. ಕ್ಯಾಲ್ಸಿಯಂ ಅವನ್ನು ಹಿಡಿದು, ಕರಗದ ವಸ್ತುವಾಗಿಸಿ ಹೊರಗೆ ಸಾಗಿಸುತ್ತದೆ ಎಂಬುದು ವಿಜ್ಞಾನಿಗಳು ಕೊಡುವ ಒಂದು ವಿವರಣೆ.

ಚಿಕ್ಕಪ್ಪ: ಕಾಯಿಲೆ ಬಾರದಂತೆ ತಡೆಯುವುದು ಬೇರೆ, ಬಂದ ಮೇಲೆ ಉಳಿಯುವುದು ಬೇರೆ. ನಾನು ಹೇಳುತ್ತಿರುವುದು ಎರಡನೆಯದನ್ನು.

ನಾನು: ಸರಿಯಾದ ಪ್ರಶ್ನೆ. ಅದನ್ನೂ ನೋಡಿದ್ದಾರೆ. ಅಮೆರಿಕನ್ ಕ್ಯಾನ್ಸರ್ ಸೊಸೈಟಿ 1992–93ರಲ್ಲಿ ಆರಂಭಿಸಿದ ಆಹಾರ ಅಧ್ಯಯನದಲ್ಲಿ ಮುಂದೆ ಈ ಕಾಯಿಲೆಗೆ ಒಳಗಾದ 2,284 ಜನರ ಲೆಕ್ಕ 2014ರಲ್ಲಿ ಹೊರಬಂತು. ರೋಗ ಬೇರೆ ಅಂಗಗಳಿಗೆ ಹರಡಿರದವರು, ಅಪ್ಪನ ಹಾಗೆಯೇ. ರೋಗ ಪತ್ತೆಯಾದ ನಂತರ ಅತಿ ಹೆಚ್ಚು ಹಾಲು ಕುಡಿದ ಗುಂಪಿನಲ್ಲಿ ಸಾವಿನ ಅಪಾಯ, ಅತಿ ಕಡಿಮೆ ಕುಡಿದವರಿಗಿಂತ ಶೇ. 28ರಷ್ಟು ಕಡಿಮೆ. ಒಟ್ಟು ಕ್ಯಾಲ್ಸಿಯಂ ಲೆಕ್ಕ ಹಾಕಿದಾಗಲೂ ಅಷ್ಟೇ. ಗೊಬ್ಬರವಾಗಿದ್ದರೆ ಹೀಗೆ ಕಾಣುತ್ತಿತ್ತೇ?

ಅಣ್ಣ: ಹಾಗಾದರೆ ನಾಳೆಯೇ ಕ್ಯಾಲ್ಸಿಯಂ ಮಾತ್ರೆ ತರುತ್ತೇನೆ. ಹಾಲನ್ನೂ ಮೂರು ಲೋಟ ಮಾಡೋಣ.

ನಾನು: ಬೇಡ ಅಣ್ಣ, ದಯವಿಟ್ಟು ಬೇಡ. ಅದು ಬರೀ ಗಮನಿಸಿದ ಅಧ್ಯಯನ. ಚೇತರಿಸಿಕೊಂಡವರಿಗೆ ಹಾಲು ರುಚಿಸಿರಬಹುದು, ಸೊರಗಿದವರು ಅದನ್ನೇ ಬಿಟ್ಟಿರಬಹುದು. ಹಾಲಿನಿಂದಲೇ ಬದುಕಿದರೆಂದು ಹೇಳಲು ಬಾರದು. ಮಾತ್ರೆಯ ಕಥೆಯಂತೂ ಇನ್ನೂ ಬೇರೆ. ಅಮೆರಿಕದಲ್ಲಿ 36,000ಕ್ಕೂ ಹೆಚ್ಚು ಆರೋಗ್ಯವಂತ ಮಹಿಳೆಯರಲ್ಲಿ ಅರ್ಧದಷ್ಟು ಜನರಿಗೆ ಸುಮಾರು ಏಳು ವರ್ಷ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಕೊಟ್ಟು, ಉಳಿದವರಿಗೆ ಔಷಧವಿಲ್ಲದ ಮಾತ್ರೆ ಕೊಟ್ಟು ನೋಡಿದರು. ಕರುಳಿನ ಕ್ಯಾನ್ಸರ್ ಕಡಿಮೆಯಾಗಲಿಲ್ಲ. ನಾನು ಕೇಳುತ್ತಿರುವುದು ಇಷ್ಟೇ: ಅಪ್ಪನ ಒಂದು ಲೋಟ ಹಾಲನ್ನು ಯಾರೂ ಕಿತ್ತುಕೊಳ್ಳಬೇಡಿ, ಅದನ್ನು ಔಷಧವನ್ನಾಗಿಯೂ ಮಾಡಬೇಡಿ.

ಅತ್ತೆ: ನನಗೆ ಕಿಮೋ ನಡೆಯುವಾಗ ಹಾಲು ಕುಡಿದರೆ ಭೇದಿಯಾಗುತ್ತಿತ್ತು. ಆಗ ನಿಲ್ಲಿಸಿದ್ದೆ, ಆಮೇಲೆ ಸರಿಹೋಯಿತು.

ನಾನು: ಹೌದು ಅತ್ತೆ, ಈ ಕಾಯಿಲೆಗೆ ಕೊಡುವ ಕೆಲವು ಔಷಧಗಳಿಂದ ಹಾಲಿನ ಸಕ್ಕರೆ ಸ್ವಲ್ಪ ಕಾಲ ಜೀರ್ಣವಾಗುವುದಿಲ್ಲ. ಅಪ್ಪನಿಗೆ ಮುಂದಿನ ವಾರ ಕಿಮೋ ಶುರು. ಹೊಟ್ಟೆ ಕೆಟ್ಟರೆ ಏನು ಮಾಡಬೇಕೆಂದು ವೈದ್ಯರನ್ನು ಕೇಳಲು ಚೀಟಿಯಲ್ಲಿ ಮೊದಲನೆಯದಾಗಿ ಬರೆದಿಟ್ಟಿದ್ದೇನೆ.

ದೊಡ್ಡಮ್ಮ: ಮೊಸರನ್ನೂ ಕೇಳು. ಅವನಿಗೆ ಅದು ಒಗ್ಗುತ್ತದೆ.

ನಾನು: ಬರೆದುಕೊಂಡೆ.

ಚಿಕ್ಕಪ್ಪ: ನನಗೆ ಅಣ್ಣ ಉಳಿಯಬೇಕು, ಅಷ್ಟೇ. ಇಲ್ಲಿಂದ ಅಳಿಸಿದ್ದೇನೆ. ಆದರೆ ಬೆಳಿಗ್ಗೆ ಇನ್ನೂ ಮೂರು ಗುಂಪುಗಳಿಗೆ ಕಳುಹಿಸಿಬಿಟ್ಟೆ.

ನಾನು: ನಿಮ್ಮ ಕಾಳಜಿಯ ಬಗ್ಗೆ ನನಗೆ ಎಂದೂ ಅನುಮಾನವಿಲ್ಲ ಚಿಕ್ಕಪ್ಪ. ಆದರೆ ಆ ಮೂರೂ ಗುಂಪುಗಳಲ್ಲಿ ಅಳಿಸಿ, ತಪ್ಪೆಂದು ನೀವೇ ಬರೆಯಿರಿ. ಅಲ್ಲಿಯೂ ಯಾರದೋ ಮನೆಯಲ್ಲಿ ಹೀಗೆಯೇ ಒಂದು ಲೋಟ ತಣ್ಣಗಾಗುತ್ತಿರಬಹುದು.

ಚಿಕ್ಕಪ್ಪ: ಬರೆಯುತ್ತಿದ್ದೇನೆ. ಆ ಶೇ. 28ರ ವಾಕ್ಯವನ್ನು ಇನ್ನೊಮ್ಮೆ ಕಳುಹಿಸು. ಬರೀ ಗಮನಿಸಿದ ಅಧ್ಯಯನ ಎಂಬುದನ್ನೂ ಸೇರಿಸಿ ಕಳುಹಿಸು.