ಮಳೆಗಾಲದ ಬಿಸಿನೀರಿಗೆ ಯಾವ ಥರದ ಹೀಟ್ ಪಂಪ್ ತಗೊಳ್ಳಲಿ?

ಗಾಳಿಬೀಡಿನ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಡಿಕೇರಿ ಹತ್ತಿರ ಗಾಳಿಬೀಡು ಕಡೆ ಹಂಚಿನ ಮನೆ. ಮನೆಯಲ್ಲಿ ಐದು ಜನ. ಪಕ್ಕದಲ್ಲೇ ಎರಡು ರೂಮಿನ ಹೋಂಸ್ಟೇ ನಡೆಸುತ್ತೇವೆ. ಸೋಲಾರ್ ಇದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಇದ್ದೂ ಇಲ್ಲದ ಹಾಗೆ. ಕಕ್ಕಡ ತಿಂಗಳಲ್ಲಿ ನಮ್ಮ ಕಡೆ ಬಿಸಿಲು ಕಾಣುವುದೇ ಅಪರೂಪ, ಅಲ್ವಾ? ಆಗೆಲ್ಲ ಬಚ್ಚಲಿನ ಹಂಡೆ ಒಲೆಯೇ ಗತಿ. ಮರ ಕಪಾತು ಮಾಡಿದ ಸೌದೆ ಬೇಕಾದಷ್ಟಿದೆ. ಆದರೆ ಮಳೆಗಾಲದ ಹಸಿ ಸೌದೆಯ ಹೊಗೆ ಅತ್ತೆಗೆ ಆಗುವುದೇ ಇಲ್ಲ. ಅವರಿಗೆ ಉಬ್ಬಸ. ಹೊಗೆ ಕುಡಿದ ದಿನ ರಾತ್ರಿಯಿಡೀ ಹಾಸಿಗೆ ಮೇಲೆ ಕೂತೇ ಇರುತ್ತಾರೆ. ಈ ಸಲ ಮಳೆ ಹಿಡಿಯುವ ಮೊದಲು ಆ ಒಲೆ ನಿಲ್ಲಿಸಲೇಬೇಕು ಅಂತ ತೀರ್ಮಾನ ಮಾಡಿದ್ದೇನೆ.

ಅದರ ಬದಲು ಹೀಟ್ ಪಂಪ್, ಅಂದರೆ ಹೊರಗಿನ ಬಿಸಿಯನ್ನು ಕರೆಂಟಿನಿಂದ ಎಳೆದು ನೀರಿಗೆ ಕೊಡುವ ಮೆಷಿನ್, ತಗೊಳ್ಳೋಣ ಅಂತಿದ್ದೇನೆ. ಒಬ್ಬ ಡೀಲರ್ ಬೋರ್ ಕೊರೆದು ನೆಲದೊಳಗೆ ಪೈಪ್ ಇಳಿಸುವ ಹೀಟ್ ಪಂಪೇ ಒಳ್ಳೆಯದು ಎನ್ನುತ್ತಾರೆ. ಇನ್ನೊಬ್ಬರು ಗಾಳಿಯಿಂದ ಬಿಸಿ ಎಳೆಯುವುದು ಸಾಕು ಎನ್ನುತ್ತಾರೆ. ಯೂಟ್ಯೂಬಿನಲ್ಲಿ ನೋಡಿದ್ದೆಲ್ಲ ಹಿಮ ಬೀಳುವ ದೇಶದವರ ಮಾತು. ನಮ್ಮ ಒದ್ದೆ ಗಾಳಿಯಲ್ಲಿ ಇದು ಕೆಲಸ ಮಾಡುತ್ತದಾ? ಮನೆಗೆ ಸಿಂಗಲ್ ಫೇಸ್ ಕರೆಂಟ್. ಸಂಜೆ ವೋಲ್ಟೇಜ್ ಬೀಳುತ್ತದೆ, ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋಗುವುದು ಮಾಮೂಲು. ಅತ್ತೆಯ ಕೋಣೆಯನ್ನೂ ಸ್ವಲ್ಪ ಬೆಚ್ಚಗೆ ಇಡಲು ಆಗುತ್ತದಾ ಅಂತಲೂ ತಿಳಿಸಿ.

ಫ್ರಿಜ್ ಮೆಕ್ಯಾನಿಕ್, ವಿರಾಜಪೇಟೆ:

ಅಕ್ಕ, ಬೋರ್ ಕೊರೆಸುವ ಮಾತು ಬಿಟ್ಟುಬಿಡಿ. ಹಿಮದ ಊರಲ್ಲಿ ಹೊರಗಿನ ಗಾಳಿ ಸೊನ್ನೆಗಿಂತ ಕೆಳಗೆ ಹೋದಾಗ ನೆಲದ ಒಳಗೆ ಅದಕ್ಕಿಂತ ಬೆಚ್ಚಗಿರುತ್ತದೆ. ಅದಕ್ಕೇ ಅಲ್ಲಿಯವರು ಅಷ್ಟು ಖರ್ಚು ಮಾಡುತ್ತಾರೆ. ಮಡಿಕೇರಿಯಲ್ಲಿ ಡಿಸೆಂಬರ್ ಬೆಳಗ್ಗೆ ಚಳಿ ಅಂದರೂ 10 ಡಿಗ್ರಿ ಆಸುಪಾಸು. ಗಾಳಿಯ ಹೀಟ್ ಪಂಪಿಗೆ ಅದು ಚಳಿಯೇ ಅಲ್ಲ.

ಒದ್ದೆ ಗಾಳಿ ಬಗ್ಗೆ ಹೆದರಬೇಡಿ, ಅದು ಅನುಕೂಲವೇ. ಫ್ರಿಜ್ಜಿನಲ್ಲಿ ಒಳಗಿನ ಬಿಸಿಯನ್ನು ಗ್ಯಾಸ್ ಎಳೆದು ಹಿಂದಿನ ಜಾಲರಿಗೆ ಬಿಡುತ್ತದೆ. ಇಲ್ಲಿ ಹೊರಗಿನ ಗಾಳಿಯ ಬಿಸಿ ಎಳೆದು ಟ್ಯಾಂಕಿನ ನೀರಿಗೆ ಬಿಡುತ್ತದೆ, ಅಷ್ಟೇ. ಗಾಳಿಯ ತೇವ ತಣ್ಣನೆ ಕಾಯಿಲ್ ಮೇಲೆ ನೀರಾಗುವಾಗ ತನ್ನ ಬಿಸಿಯನ್ನೂ ಅಲ್ಲೇ ಬಿಟ್ಟುಹೋಗುತ್ತದೆ. ಹಾಗಾಗಿ ಜುಲೈಯ 18 ಡಿಗ್ರಿ ಗಾಳಿಯಲ್ಲೂ ಒಂದು ಯೂನಿಟ್ ಕರೆಂಟಿಗೆ ಹತ್ತಿರ ಹತ್ತಿರ ಮೂರು ಯೂನಿಟ್ ಬಿಸಿ ಸಿಗುತ್ತದೆ. ಆದರೆ ಆ ನೀರು ದಿನವಿಡೀ ತೊಟ್ಟಿಕ್ಕುತ್ತದೆ. ಅದು ಹರಿದು ಹೋಗಲು ಪೈಪ್ ಕೊಡಬೇಕು.

ಈಗ ಅಳತೆ. ನಿಮ್ಮ ಐದು ಜನಕ್ಕೆ ತಲೆಗೆ ಎರಡು ಬಕೆಟ್ ಅಂದರೆ ಸುಮಾರು 200 ಲೀಟರ್. ಗೆಸ್ಟ್‌ಗಳು ಶವರ್ ಕೆಳಗೆ ನಿಂತರೆ ಒಬ್ಬರಿಗೆ 80 ಲೀಟರ್ ಹಿಡಿಯಿರಿ. ನಾಲ್ವರಿಗೆ 320. ಒಟ್ಟು 520 ಲೀಟರ್ ಹದ ಬಿಸಿನೀರು. 55 ಡಿಗ್ರಿಯ 300 ಲೀಟರ್ ಟ್ಯಾಂಕಿಗೆ ತಣ್ಣೀರು ಬೆರೆಸಿದರೆ ಅಷ್ಟು ಬರುತ್ತದೆ. 20 ಡಿಗ್ರಿ ನೀರನ್ನು 55ಕ್ಕೆ ಏರಿಸಲು ಗೀಸರಿಗೆ 12 ಯೂನಿಟ್ ಬೇಕು. ಹೀಟ್ ಪಂಪಿಗೆ 4 ಯೂನಿಟ್ ಸಾಕು. ಕಂಪ್ರೆಸರ್ ದೊಡ್ಡದು ಬೇಡ, ಟ್ಯಾಂಕ್ ದೊಡ್ಡದಿರಲಿ. ಮಧ್ಯಾಹ್ನ ಗಾಳಿ ಬೆಚ್ಚಗಿರುವಾಗ, ವೋಲ್ಟೇಜ್ ಚೆನ್ನಾಗಿರುವಾಗ ನಾಲ್ಕು ಗಂಟೆ ಓಡಿಸಿ. ರಾತ್ರಿ ಲೈನ್ ಹೋದರೂ ಬೆಳಗ್ಗೆ ಟ್ಯಾಂಕಿನಲ್ಲಿ ಬಿಸಿನೀರು ಇರುತ್ತದೆ.

ಇನ್ವರ್ಟರ್ ಕಂಪ್ರೆಸರ್, ಅಂದರೆ ನಿಧಾನವಾಗಿ ಶುರುವಾಗಿ ವೇಗ ಬದಲಿಸಿಕೊಳ್ಳುವ ಕಂಪ್ರೆಸರ್ ಇರುವುದನ್ನೇ ಕೇಳಿ. ಮಾಮೂಲಿ ಕಂಪ್ರೆಸರ್ ಶುರುವಾಗುವಾಗ ಓಡುವ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಸಣ್ಣ ಜನರೇಟರ್ ಅಲ್ಲೇ ಕೂತುಬಿಡುತ್ತದೆ. ಮನೆಯ ಯುಪಿಎಸ್‌ಗೆ ಮಾತ್ರ ಯಾವುದನ್ನೂ ಹಾಕಬೇಡಿ. ಏಪ್ರಿಲ್ ಸಿಡಿಲಿಗೆ ಮೆಷಿನ್ ಒಳಗಿನ ಎಲೆಕ್ಟ್ರಾನಿಕ್ ಬೋರ್ಡ್ ಸುಡದಿರಲು ಒಳ್ಳೆಯ ಅರ್ಥಿಂಗ್, ಸರ್ಜ್ ಪ್ರೊಟೆಕ್ಟರ್ ಎರಡೂ ಬೇಕು.

ಕುಶಾಲನಗರದಿಂದ:

ಸೋಲಾರ್ ಬಿಚ್ಚಬೇಡಿ ಮೇಡಂ. ನಮ್ಮಲ್ಲಿ ಮಳೆ ಕಡಿಮೆ, ಸೋಲಾರ್ ಒಂದರಲ್ಲೇ ನಡೆಯುತ್ತದೆ. ನಿಮ್ಮಲ್ಲೂ ಬೇಸಿಗೆಗೆ ಅದು ಬೇಕು. ಸೋಲಾರ್ ಟ್ಯಾಂಕಿನ ನೀರು ಹೀಟ್ ಪಂಪ್ ಟ್ಯಾಂಕಿಗೆ ಹೋಗುವ ಹಾಗೆ ಜೋಡಿಸಿ, ನಡುವೆ ಬೈಪಾಸ್ ವಾಲ್ವ್ ಇಡಿಸಿ. ಬಿಸಿಲಿದ್ದ ದಿನ ಪಂಪ್ ಓಡುವುದೇ ಇಲ್ಲ.

ಇನ್ನೊಂದು ಮಾತು. ಮನೆಯ ಮೀಟರ್ ಗೃಹಜ್ಯೋತಿಯಲ್ಲಿದ್ದರೆ 200 ಯೂನಿಟ್ ದಾಟಿದ ತಿಂಗಳು ಬಿಲ್ ಪೂರ್ತಿ ಕಟ್ಟಬೇಕು. ದಿನಕ್ಕೆ 12 ಯೂನಿಟ್ ಗೀಸರ್ ಅಂದರೆ ತಿಂಗಳಿಗೆ 360. ಹೀಟ್ ಪಂಪ್ ಆದರೆ 120. ಈ ಲೆಕ್ಕವನ್ನು ಡೀಲರ್‌ಗಳು ಹೇಳುವುದೇ ಇಲ್ಲ.

ಸೋಮವಾರಪೇಟೆ ಟೀಚರ್:

ಅತ್ತೆಯ ಕೋಣೆಗೆ ಹಾಟ್ ಅಂಡ್ ಕೋಲ್ಡ್ ಇನ್ವರ್ಟರ್ ಎಸಿ ಹಾಕಿಸಿ. ಅದೂ ಹೀಟ್ ಪಂಪೇ, ಗಾಳಿಯಿಂದ ಗಾಳಿಗೆ. ಬರೀ ಕೂಲಿಂಗ್ ಎಸಿಯ ಡ್ರೈ ಮೋಡ್ ತೇವ ತೆಗೆಯುತ್ತದೆ, ಆದರೆ ಕೋಣೆ ಇನ್ನೂ ತಣ್ಣಗಾಗುತ್ತದೆ. ಉಬ್ಬಸದವರಿಗೆ ಅದು ಬೇಡವೇ ಬೇಡ. 18 ಡಿಗ್ರಿಯಲ್ಲಿ ಶೇಕಡಾ 95 ತೇವ ಇರುವ ಗಾಳಿಯನ್ನು 22ಕ್ಕೆ ಬೆಚ್ಚಗೆ ಮಾಡಿದರೆ ತೇವ ಶೇಕಡಾ 75ರ ಹತ್ತಿರ ಇಳಿಯುತ್ತದೆ. ಗೋಡೆ, ಬಟ್ಟೆ, ಹಾಸಿಗೆಗೆ ಬೂಸ್ಟು ಹಿಡಿಯುವುದೂ ಅಷ್ಟು ಕಡಿಮೆ. ನಮ್ಮ ತಾಯಿಯ ಕೋಣೆಯಲ್ಲಿ ಇದನ್ನು ಕಣ್ಣಾರೆ ನೋಡಿದ್ದೇನೆ. ಹಂಚಿನ ಕೆಳಗೆ ಸೀಲಿಂಗ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಇಲ್ಲದಿದ್ದರೆ ಬಿಸಿಯೆಲ್ಲ ಹಂಚಿನ ಸಂದಿಯಿಂದ ಹೊರಗೆ ಹೋಗುತ್ತದೆ.

ಗಾಳಿಬೀಡಿನ ಮನೆ:

ತುಂಬಾ ಉಪಕಾರ ಆಯಿತು. ಆ ಕೋಣೆಗೆ ಮರದ ಸೀಲಿಂಗ್ ಇದೆ, ಒಳ್ಳೆಯದಾಯಿತು. ಅಣ್ಣ, ಇನ್ನೆರಡು ಪ್ರಶ್ನೆ. ಟ್ಯಾಂಕ್, ಮೆಷಿನ್ ಎರಡೂ ಒಂದೇ ಆಗಿರುವುದು ತಗೊಳ್ಳಲಾ, ಬೇರೆ ಬೇರೆ ಇರುವ ಸ್ಪ್ಲಿಟ್ ಮಾದರಿ ತಗೊಳ್ಳಲಾ? ಬಚ್ಚಲ ಹಿಂದೆ ಸೌದೆ ಕೊಟ್ಟಿಗೆ ಇದೆ, ಮೇಲೆ ಶೀಟು, ಮೂರು ಕಡೆ ತೆರೆದಿದೆ. ಅಲ್ಲಿ ಇಡಬಹುದಾ?

ಫ್ರಿಜ್ ಮೆಕ್ಯಾನಿಕ್, ವಿರಾಜಪೇಟೆ:

ಅಂಥ ಕೊಟ್ಟಿಗೆ ಇದ್ದರೆ ಒಂದೇ ಆಗಿರುವುದನ್ನೇ ತಗೊಳ್ಳಿ ಅಕ್ಕ. ಅದರ ಗ್ಯಾಸ್ ಫ್ಯಾಕ್ಟರಿಯಲ್ಲೇ ಸೀಲ್ ಆಗಿ ಬರುತ್ತದೆ. ನಿಮ್ಮಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್ ಇದ್ದರೆ ಕೂರಿಸಬಹುದು. ಸ್ಪ್ಲಿಟ್ ಆದರೆ ತಾಮ್ರದ ಪೈಪ್ ಎಳೆದು ಒಳಗಿನ ಗಾಳಿಯೆಲ್ಲ ಹೊರಗೆಳೆಯಲು (ವ್ಯಾಕ್ಯೂಮ್) ಎಸಿ ಕೆಲಸದವರೇ ಬರಬೇಕು. ರಸ್ತೆಗೆ ಗುಡ್ಡ ಜರಿದ ಜುಲೈಯಲ್ಲಿ ಮೈಸೂರಿಂದ ಯಾರು ಬರುತ್ತಾರೆ? ಬಾಗಿಲು ಹಾಕಿದ ಬಚ್ಚಲೊಳಗೆ ಮಾತ್ರ ಇಡಬೇಡಿ. ಅದು ಬಿಡುವ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಸೊರಗುತ್ತದೆ. ಅತ್ತೆಯ ಕಿಟಕಿಗೆ ಫ್ಯಾನ್ ಮುಖ ಮಾಡಿಸಬೇಡಿ, ಶಬ್ದ ಇರುತ್ತದೆ.

ನೀರಿನ ಪಿಎಚ್ ನೋಡಿಸಿ. ನಮ್ಮ ಮಣ್ಣು ಹುಳಿ, ಅದಕ್ಕೇ ತೋಟಕ್ಕೆ ಸುಣ್ಣ ಹಾಕುತ್ತೇವಲ್ಲ. ನೀರೂ ಹುಳಿಯಾಗಿದ್ದರೆ ಟ್ಯಾಂಕ್ ಬೇಗ ತುಕ್ಕು ಹಿಡಿಯುತ್ತದೆ. ಟ್ಯಾಂಕಿನೊಳಗೆ ಮೆಗ್ನೀಷಿಯಂ ಆನೋಡ್ ರಾಡ್ ಇರುತ್ತದೆ. ಟ್ಯಾಂಕಿನ ಬದಲು ಅದು ಕರಗುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ಸವೆದಿದ್ದರೆ ಬದಲಿಸಿ. ವಾರಕ್ಕೊಂದು ಸಲ ನೀರನ್ನು 60 ಡಿಗ್ರಿಗೆ ಏರಿಸಿ. ಬೆಚ್ಚನೆ ನೀರು ಹಾಗೇ ನಿಂತರೆ ರೋಗಾಣು ಬೆಳೆಯುತ್ತವೆ, ಉಬ್ಬಸದವರಿರುವ ಮನೆಯಲ್ಲಿ ಇದನ್ನು ತಪ್ಪಿಸಬಾರದು.

ಕೊಟ್ಟಿಗೆಯಲ್ಲಿ ಒಂದಡಿ ಎತ್ತರದ ಸಿಮೆಂಟ್ ಕಟ್ಟೆ ಕಟ್ಟಿಸಿ. 300 ಲೀಟರ್ ತುಂಬಿದರೆ ನೀರೇ 300 ಕೆಜಿ, ಅದರ ಮೇಲೆ ಮೆಷಿನ್ ಭಾರ. ಬೋರ್ಡಿನೊಳಗೆ ಹಲ್ಲಿ, ಇರುವೆ ನುಗ್ಗದಂತೆ ವೈರ್ ಬರುವ ತೂತುಗಳನ್ನು ಮುಚ್ಚಿಸಿ. ನನಗೆ ರಿಪೇರಿಗೆ ಬರುವ ಬೋರ್ಡುಗಳಲ್ಲಿ ಜಾಸ್ತಿ ಹಲ್ಲಿಯಿಂದ ಸುಟ್ಟವೇ. ಸಿಲ್ವರ್ ಓಕ್ ಎಲೆ ಕಾಯಿಲಿಗೆ ಅಂಟುತ್ತದೆ, ಆಗಾಗ ಮೆತ್ತನೆ ಬ್ರಷ್‌ನಲ್ಲಿ ಗುಡಿಸಿ. ಕೊಳ್ಳುವ ಮೊದಲು ಸ್ಪೇರ್ ಬೋರ್ಡ್ ಎಲ್ಲಿ ಸಿಗುತ್ತದೆ ಅಂತ ಡೀಲರ್ ಹತ್ತಿರ ಬರೆಸಿಕೊಳ್ಳಿ.

ಗಾಳಿಬೀಡಿನ ಮನೆ:

ಬರೆದಿಟ್ಟುಕೊಂಡೆ ಅಣ್ಣ. ಕಟ್ಟೆ ಕೆಲಸಕ್ಕೆ ಸೋಮವಾರ ಗಾರೆಯವರು ಬರುತ್ತಾರೆ. ನೀರಿನ ಪಿಎಚ್ ಎಷ್ಟು ಬಂತು ಅಂತ ಇಲ್ಲೇ ಹಾಕುತ್ತೇನೆ, ಟ್ಯಾಂಕ್ ಸ್ಟೀಲಿನದಾ ಗ್ಲಾಸ್ ಲೈನಿಂಗಿನದಾ ಅಂತ ಆಮೇಲೆ ನೀವೇ ಹೇಳಿ.