ಅಪ್ಪಯ್ಯನಿಗೆ ಇನ್ಸುಲಿನ್ ಶುರು ಮಾಡಲೋ, ಇನ್ನೊಂದು ಗುಳಿಗೆ ಸೇರಿಸಲೋ? ಅನುಭವ ಇದ್ದವರು ಹೇಳಿ

ಶಿರಸಿ ಕಡೆಯಿಂದ, ಕೇಳಿದವರು:
ಅಪ್ಪಯ್ಯನಿಗೆ 67. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಅಂತ ಎರಡು ಶುಗರ್ ಗುಳಿಗೆ ವರ್ಷಗಳಿಂದ ನಡೆದಿದೆ. ಈ ಸಲ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 9.4 ಬಂತು, ಜಾಸ್ತಿಯೇ. ಡಾಕ್ಟರು ರಾತ್ರಿ ಇನ್ಸುಲಿನ್ ಅಂದರು. ಒಪ್ಪದಿದ್ದರೆ ಎಂಪಾಗ್ಲಿಫ್ಲೋಜಿನ್ ಅನ್ನುವ ಗುಳಿಗೆ ಸೇರಿಸಿ ನೋಡೋಣ ಅಂದರು. ಅಪ್ಪಯ್ಯ "ಸೂಜಿ ಹಿಡಿದರೆ ಮುಗಿಯಿತು" ಅಂತ ಕೂತಿದ್ದಾರೆ. ನಿಮ್ಮ ಮನೆಗಳಲ್ಲಿ ಏನು ಮಾಡಿದಿರಿ?

ಕುಮಟಾದಿಂದ:
ನಾವು ಆಯಿಗೆ (ಅಮ್ಮನಿಗೆ) ಇನ್ಸುಲಿನ್ನೇ ಶುರು ಮಾಡಿದೆವು. ಬಂದ ನೆಂಟರೆಲ್ಲ "ಇಷ್ಟು ಬೇಗ ಯಾಕೆ" ಅಂದವರೇ. ನಾನು ಬಿಡಲಿಲ್ಲ. ಮಾಡಿದ್ದು ಸರಿಯೇ ಅಂತ ಇವತ್ತಿಗೂ ಹೇಳುತ್ತೇನೆ.

ಖರ್ಚಿನ ವಿಷಯ ಕೇಳಿ. ನಮ್ಮದು 30/70, ಅಂದರೆ ಬೇಗ ಕೆಲಸ ಮಾಡುವುದು, ನಿಧಾನದ್ದು ಎರಡೂ ಬೆರೆಸಿದ ಇನ್ಸುಲಿನ್, ಬಾಟಲಿಯದು. ಬಾಟಲಿಗೆ 200ರ ಒಳಗೆ. ದುಡ್ಡು ತಿನ್ನುವುದು ಮೀಟರ್‌ನಲ್ಲಿ ಶುಗರ್ ನೋಡುವ ಸ್ಟ್ರಿಪ್. ಒಂದಕ್ಕೆ 20 ರೂಪಾಯಿ ಆಸುಪಾಸು. ಶುರುವಿನಲ್ಲಿ ದಿನಕ್ಕೆ ಮೂರು ಸಲ ನೋಡಬೇಕಿತ್ತು. ಅಲ್ಲಿಗೆ ತಿಂಗಳಿಗೆ 1800, ಬರೀ ಸ್ಟ್ರಿಪ್‌ಗೆ!

ಅದು ಸಾಲದು ಅಂತ ಒಂದು ಔಷಧಿ ಅಂಗಡಿಯವರು ಬೇರೆ ಸಿರಿಂಜ್ ಕೊಟ್ಟು ಕಳಿಸಿದರು. ನಮ್ಮ ಬಾಟಲಿ ಒಂದು ಎಂಎಲ್‌ಗೆ 40 ಯೂನಿಟ್‌ನದ್ದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಆಗಬೇಕು. ಅವರು ಕೊಟ್ಟಿದ್ದು ಕಿತ್ತಳೆ ಮುಚ್ಚಳದ್ದು, ಎಂಎಲ್‌ಗೆ 100 ಯೂನಿಟ್ ಇರುವ ಇನ್ಸುಲಿನ್‌ನದ್ದು. ಅದರಲ್ಲಿ 20ರ ಗೆರೆಗೆ ಎಳೆದರೆ ಮೈಗೆ ಹೋಗುವುದು ಎಂಟೇ ಯೂನಿಟ್. ಶುಗರ್ 300 ದಾಟಿ ನಿಂತಿತು. ಆಯಿ ಕದ್ದು ಸಿಹಿ ತಿನ್ನುತ್ತಾಳೆ ಅಂತ ಅಣ್ಣಂದಿರು ಅವಳಿಗೇ ಬೈದರು. ಪಾಪ, ಅವಳು ಅತ್ತಿದ್ದು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ಗಾಬರಿ ಬೇಡ. ಬಳಸಲು ಶುರು ಮಾಡಿದ ಬಾಟಲಿ ತಂಪಾದ ಜಾಗದಲ್ಲಿ ಸುಮಾರು ನಾಲ್ಕು ವಾರ ತಡೆಯುತ್ತದೆ. ಏಪ್ರಿಲ್–ಮೇ ಸೆಕೆಗೆ ನಾವು ಮಡಿಕೆಗೆ ಒದ್ದೆ ಬಟ್ಟೆ ಸುತ್ತಿ ಇಡುತ್ತೇವೆ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ. ಒಮ್ಮೆ ಗಟ್ಟಿಯಾದರೆ ಅದು ಎಸೆಯಲಿಕ್ಕೇ.

ಕಾರವಾರದಿಂದ:
ಎಂಪಾ ಅಂದಿರಲ್ಲ, ನನಗೆ ಕೊಟ್ಟಿದ್ದು ಡಾಪಾಗ್ಲಿಫ್ಲೋಜಿನ್. ಎರಡೂ ಒಂದೇ ಜಾತಿ, ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಮೊದಲು ತುರಿಕೆ, ಫಂಗಸ್. ಇಲ್ಲಿನ ಬೆವರಿಗೆ ಅದು ವಾಸಿಯೇ ಆಗುತ್ತಿರಲಿಲ್ಲ.

ಆಮೇಲೆ ಹರ್ನಿಯಾ ಆಪರೇಷನ್ ಬಂತು. ಇದನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕು ಅಂತ ಒಬ್ಬರೂ ಹೇಳಲಿಲ್ಲ. ಉಪವಾಸ ಇಟ್ಟರು, ಆಪರೇಷನ್ ಮಾಡಿದರು. ಮರುದಿನ ವಾಂತಿ, ಏದುಸಿರು. ಶುಗರ್ ನೋಡಿದರೆ 190, ಬಹಳ ಏರಿರಲಿಲ್ಲ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ. ಗೋವಾಕ್ಕೆ ಒಯ್ದ ಮೇಲೆ ಗೊತ್ತಾಯಿತು, ರಕ್ತದಲ್ಲಿ ಕೀಟೋನ್ (ಈ ಗುಳಿಗೆಯಿಂದ ಹೆಚ್ಚಾಗಬಹುದಾದ ಆಮ್ಲ) ತುಂಬಿತ್ತು. ಐಸಿಯು, ಆಂಬುಲೆನ್ಸ್ ಎಲ್ಲ ಸೇರಿ 1,40,000. ಹೆಂಡತಿ ಸೊಸೈಟಿಯಲ್ಲಿ ಬಳೆ ಇಟ್ಟು ಕಟ್ಟಿದಳು. ನನ್ನನ್ನು ಕೇಳಿದರೆ ಆ ಜಾತಿಯ ಗುಳಿಗೆ ಮುಟ್ಟಲೇಬೇಡಿ.

ಹೊನ್ನಾವರದಿಂದ:
ಮುಟ್ಟಲೇಬೇಡಿ ಅಂತೆಲ್ಲ ಬರೆಯಬೇಡಿ. ಓದಿದವರು ಹೆದರಿ ಬಿಟ್ಟುಬಿಡುತ್ತಾರೆ. ನಮ್ಮ ಯಜಮಾನರಿಗೆ ಹಾರ್ಟ್ ವೀಕ್, ಕಾಲೆಲ್ಲ ಊದಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ದಮ್ಮು. ಎಂಪಾ ಶುರು ಮಾಡಿದ ಮೇಲೆ ಊತ ಇಳಿಯಿತು, ಈಗ ಪೇಟೆಗೆ ನಡೆದೇ ಹೋಗುತ್ತಾರೆ. ಹಾರ್ಟ್‌ಗೂ ಕಿಡ್ನಿಗೂ ಅದರಿಂದ ಉಪಕಾರ ಇದೆ.

ನನಗೆ ಸಿಟ್ಟಿರುವುದು ರೇಟಿನ ಮೇಲೆ. ಒಂದಕ್ಕೆ 60 ರೂಪಾಯಿ ಹತ್ತಿರ ಕೊಟ್ಟಿದ್ದೇವೆ. 2025ರ ಮಾರ್ಚ್‌ನಲ್ಲಿ ಪೇಟೆಂಟ್ ಮುಗಿದದ್ದೇ, ಬೇರೆ ಕಂಪನಿಗಳದ್ದು 10ರ ಒಳಗೂ ಬಂತು. ಅಷ್ಟು ವರ್ಷ ಹೋದ ದುಡ್ಡು ಹೋಯಿತು, ಅಲ್ವಾ?

ಕಾರವಾರದಿಂದ:
ನಿಮ್ಮ ಯಜಮಾನರಿಗೆ ಹೊಂದಿತು, ಸಂತೋಷ. ಐಸಿಯುನಲ್ಲಿ ಮಲಗಿದವನು ನಾನು. ನಾನು ಹೆದರಿಸುತ್ತಿಲ್ಲ, ಆದದ್ದು ಹೇಳುತ್ತಿದ್ದೇನೆ.

ಹೊನ್ನಾವರದಿಂದ:
ಹಾಗಾದರೆ ಆಪರೇಷನ್‌ಗೆ ಮೊದಲು ನೀವು ಯಾವ ಗುಳಿಗೆ ತಗೊಳ್ಳುತ್ತೀರಿ ಅಂತ ಕೇಳದವರಿಗೆ ಬೈಯಿರಿ. ಗುಳಿಗೆಗೆ ಯಾಕೆ ಬೈಯುತ್ತೀರಿ?

ಯಲ್ಲಾಪುರದಿಂದ:
ಎಲ್ಲರೂ ಹೊಸದರ ಹಿಂದೆ ಬಿದ್ದಿದ್ದೀರಿ. ನಮ್ಮ ಮನೆಯಲ್ಲಿ ತೊಂದರೆ ಕೊಟ್ಟಿದ್ದು ಹಳೆಯ ಗ್ಲಿಮೆಪಿರೈಡ್. ಅಡಿಕೆ ಕೊನೆ ಕೊಯ್ಲಿನ ಹೊತ್ತಿನಲ್ಲಿ ಊಟ ತಡ ಆಗಿಯೇ ಆಗುತ್ತದೆ. ನಮ್ಮ ಅಪ್ಪಯ್ಯ ತೋಟದಲ್ಲೇ ಬೆವತು, ತೊದಲಿ ಕೂತುಬಿಟ್ಟರು. ಲಕ್ವಾ ಹೊಡೆಯಿತು ಅಂತ ಜೀಪಿನಲ್ಲಿ ಹಾಕಿಕೊಂಡು ಹೋದೆವು. ನೋಡಿದರೆ ಶುಗರ್ 42ಕ್ಕೆ ಇಳಿದಿತ್ತು. ಈಗ ಅದನ್ನು ಬಿಡಿಸಿ ಸಿಟಾಗ್ಲಿಪ್ಟಿನ್ ಅನ್ನುವ ಬೇರೆ ಗುಳಿಗೆ ಕೊಟ್ಟಿದ್ದಾರೆ. 2022ರಲ್ಲಿ ಅದರ ಪೇಟೆಂಟ್ ಮುಗಿದ ಮೇಲೆ ಅದೂ ಅಗ್ಗ. ನಾವು ಜನೌಷಧಿಯಲ್ಲೇ ತರುತ್ತೇವೆ, ಒಂದು ದಿನವೂ ಹೆಚ್ಚುಕಮ್ಮಿ ಆಗಿಲ್ಲ.

ಇನ್ನೊಂದು. ಪಾದ ಜುಮ್ ಅನ್ನುವುದು ಶುಗರ್‌ನಿಂದಲೇ ಅಂತ ವರ್ಷಗಟ್ಟಲೆ ನಂಬಿಸಿದರು. ಮೆಟ್‌ಫಾರ್ಮಿನ್ ಬಹಳ ಕಾಲ ತಗೊಂಡರೆ ಬಿ12 ವಿಟಮಿನ್ ಇಳಿಯುತ್ತದೆ. ನಮ್ಮದು ಬರೀ ತರಕಾರಿ ಊಟ, ಕೇಳಬೇಕೇ. ಟೆಸ್ಟ್ ಮಾಡಿಸಿ ಇಂಜೆಕ್ಷನ್ ಕೊಡಿಸಿದ ಮೇಲೆ ಕಡಿಮೆಯಾಯಿತು.

ಸಿದ್ದಾಪುರದಿಂದ:
ಓದಿದರೇ ತಲೆ ತಿರುಗುತ್ತದೆ. ನಾನು ಬೆಳಿಗ್ಗೆ ಹಾಗಲಕಾಯಿ ರಸ, ಆಮೇಲೆ ಅಮೃತಬಳ್ಳಿ ಕಷಾಯ, ಒಂದು ಸುತ್ತು ತೋಟ. ಸಕ್ಕರೆ ಪೂರ್ತಿ ಬಂದ್, ಜೋನಿ (ನೀರು) ಬೆಲ್ಲ ಮಾತ್ರ. ಗುಳಿಗೆ ಅರ್ಧಕ್ಕೆ ಇಳಿದಿದೆ.

ಕುಮಟಾದಿಂದ:
ಅಣ್ಣ, ಗುಳಿಗೆ ಡಾಕ್ಟರು ಇಳಿಸಿದರೋ, ನೀವೇ ಇಳಿಸಿದಿರೋ? ಬೆಲ್ಲವೂ ಹೆಚ್ಚಿನ ಪಾಲು ಸಕ್ಕರೆಯೇ. ದೋಸೆಗೆ ಜೋನಿ ಬೆಲ್ಲ ಹಾಕಿಕೊಂಡು ತಿಂದು, ಎರಡು ಗಂಟೆ ಬಿಟ್ಟು ಮೀಟರ್‌ನಲ್ಲಿ ನೋಡಿ. ನಮ್ಮ ಚಿಕ್ಕಪ್ಪ ಇದೇ ಮಾತು ಹೇಳುತ್ತ ಕಾಲಿನ ಎರಡು ಬೆರಳು ತೆಗೆಸಿಕೊಂಡರು.

ಸಿದ್ದಾಪುರದಿಂದ:
ತಂಗಿ, ಮೂರು ಹೊತ್ತು ಅನ್ನ ಉಣ್ಣುವ ಕರಾವಳಿಯವರು ನಮ್ಮ ಬೆಲ್ಲಕ್ಕೆ ಬರಬೇಡಿ.

ಕಾರವಾರದಿಂದ:
ನಮ್ಮದು ಕುಚಲಕ್ಕಿ. ನಿಮ್ಮ ಬೆಳ್ತಿಗೆ (ಬಿಳಿ ಅಕ್ಕಿ) ಅನ್ನದಷ್ಟು ಬೇಗ ಶುಗರ್ ಏರಿಸುವುದಿಲ್ಲ. ಜೊತೆಗೆ ಮೀನು ಇರುತ್ತದೆ.

ಯಲ್ಲಾಪುರದಿಂದ:
ಕುಚಲಕ್ಕಿಯಾದರೂ ತಟ್ಟೆ ತುಂಬ ಉಂಡರೆ ಏರದೆ ಇರುತ್ತದೆಯೇ? ನಮ್ಮ ಅಪ್ಪಯ್ಯನಿಗೆ ಎರಡೂ ಅಳೆದು ನೋಡಿದ್ದೇನೆ. ಒಂದು ಸೌಟು ಕಡಿಮೆ ಬಡಿಸಿದಾಗಲೇ ಇಳಿದಿದ್ದು.

ಸಿದ್ದಾಪುರದಿಂದ:
ಆಯಿತು. ನಾಡಿದ್ದು ರಕ್ತ ಕೊಡಲು ಹೋಗುತ್ತೇನೆ, ಎಚ್‌ಬಿಎ1ಸಿ ರಿಪೋರ್ಟ್ ಇಲ್ಲೇ ಹಾಕುತ್ತೇನೆ. ಕುಮಟಾದ ತಂಗಿ, ನಿಮ್ಮ ಆಯಿಯದೂ ಹಾಕಿ. ಆಮೇಲೆ ಮಾತಾಡೋಣ.